ಕಾಗದದ ಅಣ್ಣ

ನಮ್ಮ ಪಂಪು ಕಾರ್ಖಾನೆಯನ್ನು ಕೊರಿಯಾದವರು ಕೊಂಡ ಮೇಲೆ ಯಂತ್ರಗಳು ಹಳೆಯವೇ ಉಳಿದವು, ನಾವು ಮಾತ್ರ ಹೊಸಬರಾಗಬೇಕಾಯಿತು. ದಿನಾ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಅರ್ಧ ಗಂಟೆ ಕ್ಯಾಂಟೀನಿನಲ್ಲಿ ಕೊರಿಯನ್ ಪಾಠ. ಮೂವತ್ತೈದು ವರ್ಷ ಲೇತಿನ ಮೇಲೆ ಕಬ್ಬಿಣ ಕಡೆದ ನನಗೆ ಮಗಳ ವಯಸ್ಸಿನ ಟೀಚರಮ್ಮ ಬಗ್ಗಿ ನಮಸ್ಕಾರ ಮಾಡುವುದನ್ನು ಕಲಿಸತೊಡಗಿದಳು. ಲೇತಿನ ಮೇಲೆ ಬಗ್ಗಿ ಬಗ್ಗಿಯೇ ಸೊಂಟ ಹೋಗಿದೆ ತಾಯಿ ಎಂದರೆ, ಹಾಗಾದರೆ ಅರ್ಧ ಪಾಠ ಮುಗಿದಂತೆಯೇ ಎಂದಳು.

ಆ ಭಾಷೆಯಲ್ಲಿ ಬಾಯಿ ತೆರೆಯುವ ಮೊದಲು ಎದುರಿನವರ ವಯಸ್ಸು ಗೊತ್ತಿರಬೇಕಂತೆ. ದೊಡ್ಡವರಿಗೆ ಒಂದು ಥರ ಮಾತು, ಚಿಕ್ಕವರಿಗೆ ಇನ್ನೊಂದು. ನಮ್ಮಲ್ಲಿಲ್ಲದ್ದೇನೂ ಅಲ್ಲವಲ್ಲ ಎಂದು ನಾನು ಮೀಸೆ ತಿರುವಿದೆ. ಅಷ್ಟರಲ್ಲಿ ಟೀಚರಮ್ಮ ಆಫೀಸಿನಿಂದ ತಂದ ಪಟ್ಟಿ ನೋಡಿ ಹೆಚ್ಚುಕಡಿಮೆ ಸಮವಯಸ್ಕರನ್ನು ಜೋಡಿ ಮಾಡತೊಡಗಿದಳು. ನನ್ನ ಪಾಲಿಗೆ ಬಂದವನು ನನ್ನ ಒಡಹುಟ್ಟಿದ ತಮ್ಮ, ಪಕ್ಕದ ಡ್ರಿಲ್ಲಿಂಗ್ ವಿಭಾಗದವನು. ಪಟ್ಟಿಯ ಪ್ರಕಾರ ಅವನೇ ಅಣ್ಣ.

ಇದು ನಮ್ಮ ಹೆಡ್‌ಮೇಷ್ಟ್ರ ಕೃಪೆ. ಅಪ್ಪ ನಮ್ಮಿಬ್ಬರನ್ನೂ ಒಂದೇ ದಿನ ಶಾಲೆಗೆ ಸೇರಿಸಲು ಕರೆದೊಯ್ದಿದ್ದರು. ಹುಟ್ಟಿದ ತಾರೀಖು ಕೇಳಿದರೆ ಅಪ್ಪ ತಲೆ ಕೆರೆದುಕೊಂಡರು. ಮೇಷ್ಟ್ರು ನಮ್ಮನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಉದ್ದಕ್ಕಿದ್ದ ತಮ್ಮನಿಗೆ ಏಳು, ಗಿಡ್ಡಗಿದ್ದ ನನಗೆ ಆರು ಎಂದು ಬರೆದು ಶಾಯಿ ಒಣಗಲು ಊದಿದರು. ನಿಜಕ್ಕೂ ನಾನು ಅವನಿಗಿಂತ ಎರಡು ವರ್ಷ ದೊಡ್ಡವನು. ಈಗ ತಿದ್ದಿಸಲು ಹೋದರೆ ನಾಳೆಯೇ ನಿವೃತ್ತನಾಗಿ ಮನೆಯಲ್ಲಿ ಕೂರಬೇಕು. ಮಗಳ ಓದು ಇನ್ನೂ ಎರಡು ವರ್ಷ ಬಾಕಿ. ಹಾಗಾಗಿ ಬಾಯಿಗೆ ಬೀಗ.

ಇನ್ನು ನನ್ನ ತಮ್ಮನೋ, ನನ್ನ ಜೊತೆ ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ಅವನು ಒಂದು ತೂತನ್ನು ಅಳತೆ ತಪ್ಪಿ ಕೊರೆದಿದ್ದ. ನಾನು ಇಡೀ ವಿಭಾಗದ ಎದುರು, "ಕಣ್ಣು ಮನೇಲಿ ಬಿಟ್ಟು ಬಂದಿದೀಯೇನೋ, ಕತ್ತೆ!" ಎಂದಿದ್ದೆ. ಅಂದಿನಿಂದ ಏನೇ ಇದ್ದರೂ ನನ್ನ ಹೆಂಡತಿಗೆ ಫೋನು. "ಅತ್ತಿಗೆ, ಅವ್ರಿಗೆ ಹೇಳ್ಬಿಡಿ." ತಪ್ಪು ನನ್ನದೆಂದು ನನಗೆ ಎರಡನೆಯ ದಿನವೇ ಗೊತ್ತಾಗಿತ್ತು. ಆದರೆ ಹಿರಿಯಣ್ಣ ಎಂಬ ಜಂಬ ಬಿಡಬೇಕಲ್ಲ.

ಅಂಥವನ ಎದುರು ದಿನಾ ಬೆಳಿಗ್ಗೆ ಬಗ್ಗಿ "ಹ್ಯೊಂಗ್‌ನಿಮ್" ಎನ್ನಬೇಕು, ಎಂದರೆ ಅಣ್ಣನವರೇ ಎಂದು. ಅವನು ಫ್ಯಾನು ನೋಡುತ್ತಾ "ಆಂಜಾ" ಎನ್ನುತ್ತಿದ್ದ. ಕೂತ್ಕೋ ಎಂದರ್ಥ, ಅದೂ ಏಕವಚನದಲ್ಲಿ. ಮೌನವ್ರತ ಮುರಿಯಲು ಮಹಾನುಭಾವನಿಗೆ ಸಿಕ್ಕಿದ ಮಾತು ನೋಡಿ! ನಾನು ಹಲ್ಲು ಕಡಿಯುತ್ತಾ ಕೂರುತ್ತಿದ್ದೆ. ಉಚ್ಚಾರಣೆ ಪರವಾಗಿಲ್ಲ, ಮುಖ ಸರಿ ಮಾಡಿಕೊಳ್ಳಿ ಎನ್ನುತ್ತಿದ್ದಳು ಟೀಚರಮ್ಮ. ಮನೆಯಲ್ಲಿ ಹೆಂಡತಿಯ ಬಳಿ ಗೋಳು ತೋಡಿಕೊಂಡರೆ ಅವಳದ್ದು ಬೇರೆಯೇ ರಾಗ. "ಅವ್ನಾದ್ರೂ ದಿನಾ ಕೂತ್ಕೋ ಅಂತಾನೆ. ನೀವು ಒಂದಿನಾನಾದ್ರೂ ನನಗೆ ಹಾಗಂದಿದ್ದುಂಟಾ?"

ಮೂರು ತಿಂಗಳಿಗೆ ಪರೀಕ್ಷೆ ಬಂತು. ಇಡೀ ಕ್ಯಾಂಟೀನು ತುಂಬಿತ್ತು. ಮೇಜಿನ ಆಚೆ ಕೊರಿಯಾದ ದೊಡ್ಡ ಮ್ಯಾನೇಜರು, ಪಕ್ಕದಲ್ಲಿ ನಮ್ಮ ಫೈಲುಗಳನ್ನು ಹೊತ್ತು ತಂದ ಹೆಚ್‌ಆರ್ ಸಾಹೇಬರು. ನಾವಿಬ್ಬರು ಎದುರುಬದುರು ನಿಂತೆವು. ಮ್ಯಾನೇಜರು ನಮ್ಮಿಬ್ಬರ ಮೂಗು ನೋಡಿ ನಕ್ಕು ಏನೋ ಕೇಳಿದರು.

"ನೀವು ಅಣ್ಣ ತಮ್ಮನಾ ಅಂತ ಕೇಳ್ತಿದಾರೆ," ಎಂದಳು ಟೀಚರಮ್ಮ. "ಅಣ್ಣ ಯಾರಂತೆ?"

"ನಾನೇ!" ಎಂದುಬಿಟ್ಟೆ.

ಸಾಹೇಬರ ಕಿವಿ ನೆಟ್ಟಗಾಯಿತು. ಫೈಲು ತೆರೆದರು. "ಇಲ್ಲಿ ನೀವು ಚಿಕ್ಕವರು ಅಂತ ಇದೆಯಲ್ಲ? ಹಾಗಾದ್ರೆ ನಿಮ್ಮ ನಿವೃತ್ತಿ ಮತ್ತೆ ನೋಡ್ಬೇಕಾಗುತ್ತೆ. ಯಾವ್ದ್ರೀ ನಿಜ?"

ಮಗಳ ಮುಖ ಕಣ್ಣೆದುರು ಬಂತು.

"ಅಣ್ಣ ನಾನೇ ಸಾರ್," ಎಂದ ತಮ್ಮ. "ಇವ್ನಿಗೆ ಚಿಕ್ಕಂದಿನಿಂದ್ಲೂ ಇದೇ ಚಟ. ಗಿಡ್ಡ ಅಂತ ಎಲ್ರೂ ರೇಗಿಸ್ತಿದ್ರು, ಅದಕ್ಕೇ ತಾನೇ ದೊಡ್ಡವನು ಅಂತ ಹೇಳ್ಕೊಂಡು ತಿರುಗ್ತಾನೆ. ನಾವೂ ಹೋಗ್ಲಿ ಅಂತ ಬಿಟ್ಟಿದೀವಿ."

ನೀರು ಕುಡಿದಷ್ಟು ಸಲೀಸಾಗಿ ಸುಳ್ಳು ಹೇಳಿದ. ಆದರೆ ಅವನ ಕಣ್ಣು ಫ್ಯಾನು ಬಿಟ್ಟು ನನ್ನ ಮೇಲಿತ್ತು. ಅವನು ನನಗಾಗಿ ಹೆದರಿದ್ದ. ಯಾರ ಮಾನವನ್ನು ನಾನು ನಾಲ್ಕು ಜನರ ಮುಂದೆ ಕಳೆದಿದ್ದೆನೋ ಅವನು ಅದೇ ಜನರ ಮುಂದೆ ನನ್ನ ಅನ್ನ ಉಳಿಸಲು ನಿಂತಿದ್ದ. ನನಗೆ ನಾಚಿಕೆಯಿಂದ ನೆಲಕ್ಕಿಳಿದು ಹೋದಂತಾಯಿತು.

"ಹೌದೇನ್ರೀ?" ಎಂದರು ಸಾಹೇಬರು.

ನಾನು ತಮ್ಮನ ಕಡೆ ತಿರುಗಿ ಬಗ್ಗಿದೆ. "ಹ್ಯೊಂಗ್‌ನಿಮ್," ಎಂದೆ. ಈ ಸಲ ಹಲ್ಲು ಕಡಿಯಲಿಲ್ಲ. ಯಾರೂ ಕೇಳದಿದ್ದರೂ ಮೂರನೆಯ ಪಾಠದ ಮಾತನ್ನೂ ಸೇರಿಸಿದೆ: "ಜ್ವೇಸೊಂಗ್‌ಹಮ್ನಿದಾ." ತಪ್ಪಾಯಿತು, ಕ್ಷಮಿಸಿ ಎಂದು. ಇಷ್ಟು ದಿನ ಗಂಟಲಲ್ಲೇ ಸಿಕ್ಕಿಕೊಂಡಿದ್ದದ್ದು ಪರಭಾಷೆಯಲ್ಲಿ ಸರಾಗವಾಗಿ ಬಂತು.

ಈಗ ಅವನು "ಆಂಜಾ" ಎನ್ನಬೇಕಿತ್ತು. ಪುಣ್ಯಾತ್ಮ ಅದರ ಬದಲು ತಾನೇ ಬಗ್ಗಿದ. ನನಗಿಂತಲೂ ಕೆಳಕ್ಕೆ ಬಗ್ಗಿದವನು ಹಾಗೇ ನಿಂತುಬಿಟ್ಟ, ತಲೆ ಎತ್ತಲೇ ಇಲ್ಲ.

ದೊಡ್ಡವರು ಚಿಕ್ಕವರಿಗೆ ಇಷ್ಟು ಬಗ್ಗುವುದು ತಪ್ಪು ಎಂದು ಟೀಚರಮ್ಮ ಅವನನ್ನು ಫೇಲು ಮಾಡಿದಳು. ನನಗೆ ನೂರಕ್ಕೆ ನೂರು.