ಬಾಗಿದ ತಲೆ ತಿರುಗಿದಾಗ

ತಲೆ ತಿರುಗಿದರೆ ನಮ್ಮ ಊರುಗಳಲ್ಲಿ ಪಿತ್ತವೆಂದು ನಿಂಬೆಹುಳಿ ಕುಡಿಸುತ್ತಾರೆ. ಗೊರೇಬಾಳದ ವೀರಭದ್ರಮ್ಮನ ತಲೆ ತಿರುಗಿದಾಗ ಮಾತ್ರ ಜನ ತೆಂಗಿನಕಾಯಿ ಒಡೆದರು.

ಪ್ರತಿ ಸೋಮವಾರ ಈಶ್ವರನ ಗುಡಿಯಲ್ಲಿ ಬಿಲ್ವಪತ್ರೆ ಏರಿಸಿ, ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸುವುದು ಆಕೆಯ ನಲವತ್ತು ವರ್ಷಗಳ ವ್ರತ. ಈ ಶ್ರಾವಣದ ಮೊದಲ ಸೋಮವಾರ ಹಾಗೆ ಬಾಗಿ ತಲೆಯೆತ್ತಿದ ಕ್ಷಣವೇ ಗುಡಿಯ ಕಂಬಗಳೆಲ್ಲ ಗಾಣದಂತೆ ಸುತ್ತತೊಡಗಿದವು. ಆಕೆ ತೊನೆದಳು, ನರಳಿದಳು, ಕಂಬವನ್ನು ತಬ್ಬಿಕೊಂಡಳು. ನಿಮಿಷದೊಳಗೆ ಎಲ್ಲವೂ ಶಾಂತವಾಯಿತು. ಮುಂದಿನ ಸೋಮವಾರವೂ ಹಾಗೆಯೇ ಆದಾಗ ಹಿಂದೆ ನಿಂತವರೊಬ್ಬರು ಕೈಮುಗಿದರು.

"ಆಕಿ ಮೈಮ್ಯಾಲೆ ದೇವರು ಬಂದಾನ."

ಬಂದದ್ದು ದೇವರಲ್ಲವೆಂದು ವೀರಭದ್ರಮ್ಮನಿಗೆ ಗೊತ್ತಿತ್ತು. ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೂ ಸೂರು ಸುತ್ತುತ್ತಿತ್ತು. ಆದರೆ ಗಂಡ ಸೂಗಪ್ಪನ ಮುಖದ ಹಿಗ್ಗನ್ನು ಕಂಡು ಬಾಯಿ ಕಟ್ಟಿತು. ಈಶ್ವರನ ಎದುರಿಗೇ ಸುಳ್ಳಾಡುತ್ತಿದ್ದೇನೆಂಬ ಅಳುಕು ಒಳಗೊಳಗೇ ಕೊರೆಯುತ್ತಿತ್ತು.

ಮೂರನೆಯ ಸೋಮವಾರ ಮಸ್ಕಿಯಿಂದ ದೀಪಿಕಾ ಎಂಬ ಬಾಣಂತಿ ಬಂದಳು. ಮೂರು ತಿಂಗಳ ಮಗಳನ್ನು 'ದೇವರ ಕೈ'ಯಲ್ಲಿ ಇರಿಸಬೇಕೆಂಬ ಹರಕೆ ಆಕೆಯದು. ವೀರಭದ್ರಮ್ಮ ಬಾಗಿ ಎದ್ದು ತೂಗುತ್ತಿದ್ದಾಗಲೇ ಕೂಸನ್ನು ಆಕೆಯ ತೋಳಿಗಿಟ್ಟಳು. ತೋಳು ಸಡಿಲವಾಯಿತು. ಕೂಸು ಜಾರಿತು. ಸುತ್ತಿದ್ದ ಬಟ್ಟೆಯ ಚುಂಗು ದೀಪಿಕಾಳ ಮುಷ್ಟಿಗೆ ಸಿಕ್ಕಾಗ, ಕೂಸಿನ ತಲೆಗೂ ಕಲ್ಲುಹಾಸಿಗೂ ನಡುವೆ ಗೇಣು ಅಂತರವಿತ್ತು.

ಕೂಸು ಅತ್ತ ಮೇಲೆಯೇ ಜನಕ್ಕೆ ಜೀವ ಬಂತು.

ಸಂಜೆ ಮನೆಯಲ್ಲಿ ವೀರಭದ್ರಮ್ಮ ಬಿಲ್ವಪತ್ರೆಯ ಬುಟ್ಟಿಯನ್ನು ಮೂಲೆಗೆ ಸರಿಸಿದಳು. "ಇನ್ನ ನಾ ಗುಡಿಗೆ ಹೋಗಂಗಿಲ್ಲ. ದೇವರಿಗೆ ಬಾಗಂಗೂ ಇಲ್ಲ," ಎಂದಳು.

ಸುದ್ದಿ ಕೇಳಿ ಮರುದಿನ ಬೆಳಿಗ್ಗೆ ಊರಿನ ಆರೋಗ್ಯ ಉಪಕೇಂದ್ರದ ಕಾರ್ಯಕರ್ತೆ ಮುಸರತ್ ಮನೆಗೆ ಬಂದಳು.

"ದೊಡ್ಡವ್ವಾ, ತಿರುಗೋದು ಎಷ್ಟೊತ್ತು ಇರ್ತೈತಿ?"

"ಒಂದ್ ನಿಮಿಷನೂ ಇಲ್ಲ ಬೇ. ಬಾಗಿ ಎದ್ರ ಬರ್ತೈತಿ. ಮಲಗಿದಾಗ ಬಲಕ್ಕ ಹೊಳ್ಳಿದ್ರೂ ಬರ್ತೈತಿ."

ಸೂಗಪ್ಪ ಬೆಚ್ಚಿ ಹೆಂಡತಿಯತ್ತ ತಿರುಗಿದ. "ಮಲಗಿದಾಗೂ ಬರ್ತೈತೇನು? ನನಗ್ಯಾಕ ಹೇಳ್ಲಿಲ್ಲ?"

"ನೀವು ಕಾಯಿ ಒಡಿಯೋದ್ರಾಗ ಇದ್ರಿ."

ಮುಸರತ್ ಫೋನ್ ತೆಗೆದು, ಲಿಂಗಸುಗೂರಿನ ಕಿವಿ-ಮೂಗು-ಗಂಟಲು ವೈದ್ಯೆ ಶಿವರಂಜನಿ ಅವರಿಗೆ ವಿಡಿಯೊ ಕರೆ ಹಚ್ಚಿದಳು. ಸೂಗಪ್ಪ ನಕ್ಕ.

"ಲಿಂಗಸುಗೂರಿನಾಗ ಕುಂತು ಗೊರೇಬಾಳದ ತಲಿ ನೋಡ್ತಾರೇನು? ಫೋನಿನಾಗ ನಾಡಿ ಹೆಂಗ ಹಿಡಿತಾರ?"

"ನಾಡಿ ಅಲ್ಲ ಕಾಕಾ. ಕಣ್ಣು ನೋಡ್ತಾರ."

ಮಾತು ತೊದಲುತ್ತದೆಯೇ, ಕೈಕಾಲು ಸೋತಿದೆಯೇ, ಒಂದು ಎರಡಾಗಿ ಕಾಣುತ್ತದೆಯೇ, ಕುತ್ತಿಗೆ ನೋವಿದೆಯೇ ಎಂದು ವೈದ್ಯೆ ಮೊದಲು ವಿಚಾರಿಸಿದರು. ಯಾವುದೂ ಇರಲಿಲ್ಲ. ಬಳಿಕ ಅವರು ಹೇಳಿದಂತೆ ವೀರಭದ್ರಮ್ಮನ ತಲೆಯನ್ನು ಬಲಕ್ಕೆ ತಿರುಗಿಸಿ ಮಂಚದ ಮೇಲೆ ಮಲಗಿಸಿದರು. ಸೂಗಪ್ಪ ಭುಜ ಹಿಡಿದ. ಮುಸರತ್ ಫೋನನ್ನು ಕಣ್ಣ ಸಮೀಪ ಹಿಡಿದು ಚಿತ್ರೀಕರಿಸಿದಳು.

"ಕಣ್ಣು ಮುಚ್ಚಬ್ಯಾಡ್ರಿ ಅಮ್ಮಾ. ಇನ್ನೊಂದೀಟು ತಡಕೋರಿ," ಎಂದರು ವೈದ್ಯೆ ಫೋನಿನಿಂದ.

ಸೂರು ಸುತ್ತಿತು; ನಿಂತಿತು. ಚಿತ್ರೀಕರಿಸಿದ್ದನ್ನು ಮುಸರತ್ ಸೂಗಪ್ಪನಿಗೆ ತೋರಿಸಿದಳು. ಪರದೆಯ ಮೇಲೆ ಎರಡು ಕಣ್ಣುಗುಡ್ಡೆಗಳು ಬಲೆಗೆ ಬಿದ್ದ ಮೀನಿನಂತೆ ಪಟಪಟನೆ ಜಿಗಿಯುತ್ತಿದ್ದವು. ಸೂಗಪ್ಪನ ನಗೆ ಉಡುಗಿತು.

"ಇವು ಈಕಿ ಕಣ್ಣೇನು?" ಎಂದು ಕುಸಿದು ಕುಳಿತ. "ಇದನ್ನ ನೋಡಿ ನಾ ಊದಿನಕಡ್ಡಿ ಹಚ್ಚಿದ್ನೆ?"

ವೈದ್ಯೆ ವಿವರಿಸಿದರು: "ಕಿವಿ ಒಳಗ, ಮೈಯ ಸಮತೋಲ ಕಾಯೋ ಜಾಗದಾಗ, ಸಾಸಿವಿಗಿಂತ ಸಣ್ಣ ಹರಳು ಇರ್ತಾವ. ಅವು ಜಾಗ ಬಿಟ್ಟು ಜರುಗಿದ್ರ ಹಿಂಗ ಆಗ್ತೈತಿ. ಕಣ್ಣು ಜಿಗಿಯೋ ರೀತಿ ನೋಡಿದ್ರ ಬಲಗಿವಿ ಅನಸ್ತೈತಿ. ಇಲ್ಲಿಗೆ ಬರ್ರಿ, ಖಾತ್ರಿ ಮಾಡ್ಕೊಳ್ಳೂಣು."

ಅಂದೇ ಮಧ್ಯಾಹ್ನ ಲಿಂಗಸುಗೂರಿನ ಬಸ್ಸು ಹತ್ತಿದರು. ಅಲ್ಲಿ ವೀರಭದ್ರಮ್ಮನಿಗೆ ಕ್ಯಾಮೆರಾ ಇರುವ ದೊಡ್ಡ ಕನ್ನಡಕ ತೊಡಿಸಿದರು. ಕಣ್ಣಿನ ಪ್ರತಿ ಚಲನೆಯೂ ಕಂಪ್ಯೂಟರಿನಲ್ಲಿ ಗೆರೆಗೆರೆಯಾಗಿ ಮೂಡಿತು. ರೋಗ ನಿಶ್ಚಯವಾದ ಮೇಲೆ ವೈದ್ಯೆ ಆಕೆಯ ತಲೆಯನ್ನು ಕ್ರಮಕ್ರಮವಾಗಿ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹೊರಳಿಸಿ, ಹರಳುಗಳನ್ನು ಸ್ವಸ್ಥಾನಕ್ಕೆ ಸೇರಿಸಿದರು. ಮತ್ತೆ ಪರೀಕ್ಷಿಸಿದಾಗ ಪರದೆಯ ಕಣ್ಣು ನಿಶ್ಚಲವಾಗಿತ್ತು.

"ಸೂಜಿ ಇಲ್ಲೇನ್ರಿ?" ಎಂದ ಸೂಗಪ್ಪ.

"ನಿಮಗ ಬೇಕಂದ್ರ ಹಾಕ್ತೀನಿ."

ನಡಿಗೆ ಸ್ಥಿರವಾಗಲು ಮಾಡಬೇಕಾದ ವ್ಯಾಯಾಮಗಳ ವಿಡಿಯೊ ಸೂಗಪ್ಪನ ಫೋನಿಗೆ ಬಂತು. ದಿನವೂ ಅದನ್ನು ಹಚ್ಚಿ ಹೆಂಡತಿಯ ಪಕ್ಕ ನಿಲ್ಲುವುದು ಅವನ ಪಾಲಿನ ಕೆಲಸವಾಯಿತು.

ಶ್ರಾವಣದ ಕಡೆಯ ಸೋಮವಾರ ಆಕೆ ಗುಡಿಗೆ ಹೋದಳು. ಜನ ಕಾಯಿ ಹಿಡಿದು ಕಾದಿದ್ದರು. ಬಾಗಿದಳು. ಹಣೆ ನೆಲ ಮುಟ್ಟಿತು. ಮೆಲ್ಲನೆ ತಲೆಯೆತ್ತಿದಳು. ಕಂಬಗಳು ನಿಂತಲ್ಲಿಯೇ ನಿಂತಿದ್ದವು.

"ದೇವರು ಬಂದಿಲ್ಲ," ಎಂದಳು ಜನರತ್ತ ತಿರುಗಿ. "ಹಿಂದಕ್ಕೂ ಬಂದಿರಲಿಲ್ಲ. ನನ್ನ ಕಿವ್ಯಾಗಿನ ಹರಳು ಜರುಗಿದ್ವು."

ಮುದುಕಿಯೊಬ್ಬಳು ದಿಗಿಲಿನಿಂದ ಕೇಳಿದಳು: "ಅವತ್ತ ನಾ ಮಗಳ ಲಗ್ನ ಆಗ್ತೈತೇನು ಅಂತ ಕೇಳಿದ್ರ ಹ್ಞೂಂ ಅಂದಿದ್ದೆಲ್ಲ?"

"ಅದು ನರಳಿದ್ದು ಬೇ."

ಹಿಂದೆ ದೀಪಿಕಾ ಕೂಸನ್ನು ಅವಚಿಕೊಂಡು ನಿಂತಿದ್ದಳು. ವೀರಭದ್ರಮ್ಮ ಕೈ ಚಾಚಲಿಲ್ಲ. ಮೊದಲು ನೆಲದ ಮೇಲೆ ಗಟ್ಟಿಯಾಗಿ ಕುಳಿತಳು. ಆಮೇಲೆ ಉಡಿಯೊಡ್ಡಿದಳು. ದೀಪಿಕಾ ಒಂದು ಗಳಿಗೆ ನೋಡಿ, ಕೂಸನ್ನು ಆ ಉಡಿಯಲ್ಲಿ ಮಲಗಿಸಿದಳು.

ಬಂಧುಗಳೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ತಲೆ ತಿರುಗುತ್ತಿದ್ದರೆ ಮುಚ್ಚಿಡಬೇಡಿ. ಸಾಧ್ಯವಾದರೆ ಆ ಹೊತ್ತಿನಲ್ಲಿ ಅವರ ಕಣ್ಣುಗಳನ್ನು ಫೋನಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ. ವಿಡಿಯೊ ಕರೆಯಲ್ಲಿ ವೈದ್ಯರನ್ನು ಕಾಣಬಹುದೇ ಎಂದು ಹತ್ತಿರದ ಉಪಕೇಂದ್ರದಲ್ಲಿ ಕೇಳಿ. ಫೋನಿನಲ್ಲಿ ಕಂಡದ್ದನ್ನು ನೋಡಿಕೊಂಡು ನೀವೇ ಕುತ್ತಿಗೆ ತಿರುಗಿಸಬೇಡಿ. ತಲೆ ತಿರುಗುವುದರ ಜೊತೆಗೆ ಮಾತು ತೊದಲಿದರೆ, ಕೈಕಾಲು ಸೋತರೆ, ಒಂದು ಎರಡಾಗಿ ಕಂಡರೆ, ತಡೆಯಲಾರದ ತಲೆನೋವು ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ಕಾಯಿಯನ್ನು ಆಮೇಲೆ ಒಡೆಯಬಹುದು. ಬಿದ್ದ ಮೇಲೆ ಎತ್ತುವುದಕ್ಕಿಂತ, ಮೊದಲೇ ಬೀಳದಂತೆ ಹಿಡಿಯಿರಿ.