ಅಧ್ಯಕ್ಷರು ತಂದ ಬ್ಯಾಕಪ್ಪು

ಬಾಣಂತನ ಮುಗಿಸಿ ಕುದೂರಿನ ಸೋಬಾನೆ ಸಂಘದ ಕಚೇರಿಗೆ, ಹಾಡು ರೆಕಾರ್ಡ್ ಮಾಡಿಡುವ ಕೆಲಸಕ್ಕೆ ವಾಪಸು ಬಂದ ರಮ್ಯಾಗೆ ಮೊದಲು ಕಂಡದ್ದು ಒಂದು ದೊಡ್ಡ ಬ್ಯಾಟರಿ. ಅರಿಶಿನ ಕುಂಕುಮ ಇಟ್ಟು, ಚೆಂಡು ಹೂವಿನ ಹಾರ ಬೇರೆ ಹಾಕಿದ್ದರು.

"ಬ್ಯಾಕಪ್ಪು ಬ್ಯಾಕಪ್ಪು ಅಂತ ಪ್ರಾಣ ತಿಂತಿದ್ಯಲ್ಲಮ್ಮ, ತರಿಸಿವ್ನಿ ನೋಡು," ಅಂದರು ಅಧ್ಯಕ್ಷ ಅನಂತರಾಜು. "ಕರೆಂಟ್ ಹೋದ್ರೂ ನಾಕು ಗಂಟೆ ಬತ್ತೈತೆ."

ರಮ್ಯಾಗೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು. ರಜೆಗೆ ಹೋಗುವ ಮುಂಚೆ ಇದೇ ಮೇಜಿನ ಮುಂದೆ ನಿಂತು ಅಡುಗೆಮನೆಯ ಲೆಕ್ಕದಲ್ಲಿ ಬಿಡಿಸಿ ಹೇಳಿದ್ದಳಲ್ಲ! ಉಪ್ಪಿನ ಡಬ್ಬಿ ಒಲೆ ಪಕ್ಕ, ಹಬ್ಬದ ಪಾತ್ರೆ ಅಟ್ಟದ ಮೇಲೆ. ಹಾಗೇ ದಿನಾ ಕೇಳುವ ಸೋಬಾನೆ ಪದಗಳು ಚುರುಕಾದ ಎಸ್‌ಎಸ್‌ಡಿಯಲ್ಲಿರಲಿ, ಅಪರೂಪದವು ದೊಡ್ಡ ಹಾರ್ಡ್ ಡಿಸ್ಕಿಗೆ ಹೋಗಲಿ, ಎಲ್ಲದರ ನಕಲೂ ಸೋಲೂರಿನ ಶಾಲೆಯಲ್ಲೊಂದು ಇರಲಿ, ಆ ನಕಲಿಗೇ ಬ್ಯಾಕಪ್ ಅನ್ನುವುದು ಅಂತ. ಮಹಾನುಭಾವರು ಮೊಬೈಲ್ ಉಜ್ಜುತ್ತಾ ಹೂಂಗುಟ್ಟಿದ್ದರು. ತಾನೇ ಪೆನ್‌ಡ್ರೈವಿಗೆ ಹಾಕಿಕೊಳ್ಳುತ್ತೇನೆ ಅಂದರೆ, ಸಂಘದ ಸ್ವತ್ತು ಹೊಸಿಲು ದಾಟಕೂಡದು ಅಂತ ಗದರಿದ್ದರು. ಮೂಲ ಹಾಡುಗಳಿದ್ದ ರೆಕಾರ್ಡರಿನ ಕಾರ್ಡುಗಳನ್ನು ಅಳಿಸಿ ತಮ್ಮದೇ ಸನ್ಮಾನದ ವಿಡಿಯೋ ತುಂಬಿಸಿದ್ದೂ ಇವರೇ.

ರಮ್ಯಾ ಸ್ವಿಚ್ಚು ಒತ್ತಿ ನೋಡಿದಳು. "ಕಂಪ್ಯೂಟರ್ ಯಾಕೆ ಆನ್ ಆಗ್ತಿಲ್ಲ ಸಾರ್?"

"ಒಳಗಿದ್ದ ಒಂದೇ ಡಿಸ್ಕು ಹೋಗ್ಬುಟ್ಟೈತೆ ಕಣಮ್ಮ. ಬೆಂಗಳೂರ್ಗೂ ಕಳ್ಸಿ ನೋಡಿದ್ವಿ, ಏನೂ ಸಿಗಾಕಿಲ್ವಂತೆ. ಬ್ಯಾಟ್ರಿ ಮಾತ್ರ ಗಟ್ಟಿಯಾಗೈತೆ."

ರಮ್ಯಾ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಶಿವಲಿಂಗಮ್ಮ ನಿಂತಿದ್ದರು. ಸಂಘಕ್ಕೆ ಹಾಡಿಕೊಟ್ಟ ಅಜ್ಜಿಯರಲ್ಲಿ ಒಬ್ಬರು. ಜೊತೆಗಾತಿ ದೊಡ್ಡಲಕ್ಷ್ಮಮ್ಮ ಸಾಲು ಎತ್ತಿಕೊಟ್ಟರೆ ಇವರು ಅದರ ತುದಿ ಹಿಡಿದು ಮುಗಿಸುವುದು. ಮದುವೆ ಚಪ್ಪರಗಳಲ್ಲಿ ಜನ ಆ ಜೋಡಿಗಾಗಿ ಕಾಯುತ್ತಿದ್ದರು.

"ದೊಡ್ಡಲಕ್ಸ್ಮಿ ಹೋಗ್ಬುಟ್ಲು ಮಗ, ಹೋದ ತಿಂಗ್ಳು," ಅಂದರು ಅಜ್ಜಿ. "ಯಾವಾಗ ಬಂದ್ರೂ ಕೇಳುಸ್ತೀನಿ ಅಂದಿದ್ಯಲ್ಲ. ಅವಳ ದನಿ ಒಸಿ ಕೇಳ್ಕೊಂಡ್ ಹೋಗವ ಅಂತ ಬಂದೆ."

ಹೇಗೆ ಹೇಳುವುದು ಇದನ್ನು? ಹೇಳಿದಳು. ಎಲ್ಲ ಹೋಯಿತು ಅಜ್ಜಿ, ಅಂದಳು. ಮುದುಕಿ ಗೋಡೆ ಹಿಡಿದು ಕೂತರು.

"ಅದಕ್ಯಾಕ್ ಬೇಜಾರು," ಅಂದರು ಅನಂತರಾಜು. "ನೀನೇ ಇನ್ನೊಂದ್ಸಲ ಹಾಡ್ಬುಡಜ್ಜಿ, ರೆಕಾರ್ಡ್ ಮಾಡ್ಕತಾಳೆ."

"ಎತ್ಕೊಡೋಳು ಅವಳು ಸಾಮಿ. ನಂಗೆ ಬರೋದು ಮುಗ್ಸೋದು ಒಂದೇಯ."

ಆದರೂ ಅಜ್ಜಿ ಕಣ್ಣು ಮುಚ್ಚಿದರು. ರಮ್ಯಾ ಮೊಬೈಲು ಎದುರಿಗೆ ಹಿಡಿದಳು. ಮೊದಲು ಏನೂ ಇಲ್ಲ. ಅಜ್ಜಿಯ ಬೆರಳು ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಆಮೇಲೆ ಅರ್ಧ ಸಾಲು. ಮತ್ತೆ ಸುಮ್ಮನೆ, ಅಷ್ಟೇ ಹೊತ್ತು. ಮತ್ತೆ ಅರ್ಧ ಸಾಲು. ಹೀಗೇ ಪದ ಮುಂದುವರಿಯಿತು.

"ಮಧ್ಯೆ ಮಧ್ಯೆ ಖಾಲಿ ಬತ್ತೈತಲ್ಲಮ್ಮ," ಪಿಸುಗುಟ್ಟಿದರು ಅಧ್ಯಕ್ಷರು. "ಅದನ್ನ ಕಟ್ ಮಾಡ್ಬುಡು."

ರಮ್ಯಾ ಆ ಸಂಘದಲ್ಲಿ ಅದುವರೆಗೆ ದನಿ ಎತ್ತಿದವಳಲ್ಲ.

"ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ಸಾರ್," ಅಂದಳು. "ಅಲ್ಲಿ ದೊಡ್ಡಲಕ್ಷ್ಮಮ್ಮ ಹಾಡ್ತಾವ್ರೆ."