ಹೊಸ ಕೋಡೆಕ್ಕಿನಲ್ಲಿ ಅಕ್ಕನ ಕೈ

ಮೀಟಿಂಗಿಗೆ ಇನ್ನೂ ಹೊತ್ತಿತ್ತು. ಆದರೂ ಎಂಜಿನಿಯರಮ್ಮನಿಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಕಂಪನಿಯ ವಿಡಿಯೋ ಕರೆಗೆ ಯಾವ ಕೋಡೆಕ್ ಎಂದು ಇವತ್ತು ಅವಳೇ ಹೇಳಬೇಕು. ಕೋಡೆಕ್ ಎಂದರೆ ಮಹಾ ಬ್ರಹ್ಮವಿದ್ಯೆಯೇನಲ್ಲ. ಈ ಕಡೆ ಚಿತ್ರವನ್ನು ಮಡಚಿ ಕಳಿಸುವುದು, ಆ ಕಡೆ ಬಿಚ್ಚಿ ಹರಡುವುದು. ಹೊಸದು ಬಲು ಚಿಕ್ಕದಾಗಿ ಮಡಚುತ್ತದೆ, ಅರ್ಧಕ್ಕರ್ಧ ಡೇಟಾ ಉಳಿಸುತ್ತದೆ, ಮುಖವನ್ನಂತೂ ತೊಳೆದಿಟ್ಟ ಹಾಗೆ ತೋರಿಸುತ್ತದೆ. ತಿಂಗಳುಗಟ್ಟಲೆ ಪರೀಕ್ಷೆ ಮಾಡಿ, ಅದೇ ಮೇಲು ಎಂದು ವರದಿ ಬರೆದವಳೂ ಇವಳೇ.

ನಿನ್ನೆ ಜಂಬ ಕೊಚ್ಚಿಕೊಳ್ಳೋಣವೆಂದು ಅಕ್ಕನಿಗೆ ಅದರಲ್ಲೇ ಕರೆ ಮಾಡಿದ್ದಳು. ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸದು; ಅಕ್ಕತಂಗಿಯರ ಮಾತೆಲ್ಲ ಕೈಸನ್ನೆಯಲ್ಲೇ. ಜಗಳಕ್ಕೆ ನಿಂತರೆ ಅಕ್ಕನ ಬೆರಳುಗಳನ್ನು ಹಿಡಿಯುವವರಿಲ್ಲ. ಅಂಥವಳು, ತಂಗಿ ಮತ್ತೆಮತ್ತೆ ‘ಏನು?’ ಎಂದ ಮೇಲೆ, ಎಳೆಮಗುವಿಗೆ ತುತ್ತು ಕೊಡುವ ಹಾಗೆ ಒಂದೊಂದೇ ಸನ್ನೆ ಮಾಡತೊಡಗಿದಳು. ಆಮೇಲೆ ತಲೆನೋವೆಂದು ನೆಪ ಹೇಳಿ ಕರೆ ಮುಗಿಸಿದಳು.

ತಂಗಿಗೆ ಸಂಕಟವಾಯಿತು. ಅಕ್ಕನ ಹಳೇ ಫೋನಿಗೆ ಅಷ್ಟು ಚಿಕ್ಕದಾಗಿ ಮಡಚುವ ಕಸುವಿಲ್ಲ. ಹೊತ್ತು ಸಾಲದೆ ನಡುನಡುವಿನ ಚಿತ್ರಗಳನ್ನೇ ಬಿಟ್ಟುಬಿಡುತ್ತದೆ. ಕದಲದ ಮುಖ ಚೆನ್ನಾಗಿಯೇ ಕಾಣುತ್ತದೆ, ಓಡಾಡುವ ಕೈಯ ಸನ್ನೆ ಮಾತ್ರ ಅರ್ಧದಲ್ಲೇ ಮಾಯ. ಇವಳು ಪರೀಕ್ಷೆಗೆ ಬಳಸಿದ್ದೆಲ್ಲ ಆಫೀಸಿನವರು ಕೈಕಟ್ಟಿ ಕೂತು ಮಾತಾಡಿದ ವಿಡಿಯೋಗಳು. ಅಕ್ಕನ ಜೊತೆ ಬೆಳೆದವಳಿಗೇ ಕೈ ನೆನಪಾಗಿರಲಿಲ್ಲ. ಆ ನಾಚಿಕೆ ಇವತ್ತೂ ಅವಳನ್ನು ಬಿಟ್ಟಿಲ್ಲ.

ಮೀಟಿಂಗಿನಲ್ಲಿ ಮ್ಯಾನೇಜರು ವರದಿ ಓದಿ ಪಕ್ಕಕ್ಕಿಟ್ಟು, "ಸರಿ, ಹೊಸದೇ ಹಾಕೋಣ. ಇನ್ನೇನು?" ಎಂದರು.

"ಬೇಡ ಸರ್, ಹಳೇದೇ ಇರ್ಲಿ. ಹೊಸದ್ರಲ್ಲಿ ಕೈ ಕಾಣಲ್ಲ."

"ಕೈ ಯಾರು ನೋಡ್ತಾರಮ್ಮ? ನಿಮ್ಮ ವರದೀಲೇ ಅದರ ಸುದ್ದಿ ಇಲ್ವಲ್ಲ."

ಅವಳು ವಾದಕ್ಕಿಳಿಯಲಿಲ್ಲ. ಹೊಸ ಕೋಡೆಕ್ಕಿನಲ್ಲೇ ಅಕ್ಕನಿಗೆ ಕರೆ ಮಾಡಿ, ಗೋಡೆಯ ಪರದೆಗೆ ಹಾಕಿ, ‘ಯಾವಾಗಲಿನ ಹಾಗೇ ಮಾತಾಡು’ ಎಂದು ಸನ್ನೆ ಮಾಡಿದಳು.

"ನೋಡಿ, ಅವರ ಕನ್ನಡಕದ ಮೇಲಿನ ಗೀರೂ ಕಾಣ್ತಿದೆ," ಎಂದು ಮ್ಯಾನೇಜರು ಹಿಗ್ಗಿದರು.

ಅಕ್ಕನ ಕೈ ಎದೆಯ ಹತ್ತಿರ ಕಂಡಿತು, ಆಮೇಲೆ ಗಲ್ಲದ ಹತ್ತಿರ. ನಡುವೆ ಎಲ್ಲಿ ಹೋಗಿತ್ತೋ. ಹುಬ್ಬು ಗಂಟಿಕ್ಕಿಕೊಂಡು ಏನೋ ಮುಖ್ಯವಾದದ್ದನ್ನೇ ಹೇಳುತ್ತಿದ್ದಳು.

"ಏನಂತಿದಾರೆ?" ಮ್ಯಾನೇಜರು ಕೇಳಿದರು.

ತಂಗಿ ಪರದೆಯ ಹತ್ತಿರಕ್ಕೆ ಹೋಗಿ ನೋಡಿದಳು.

"ಗೊತ್ತಾಗ್ಲಿಲ್ಲ ಸರ್. ಹುಟ್ಟಿದಾಗಿಂದ ಇವಳ ಹತ್ರ ಮಾತಾಡ್ತಿದೀನಿ. ಒಂದು ಮಾತೂ ಗೊತ್ತಾಗ್ಲಿಲ್ಲ."

ಮ್ಯಾನೇಜರು ಈ ಸಲ ಕನ್ನಡಕ ಬಿಟ್ಟು ಅಕ್ಕನ ಕೈಯನ್ನೇ ನೋಡಿದರು.

"ಹಳೇದ್ರಲ್ಲಿ ಇನ್ನೊಂದ್ಸಲ ಕರೆ ಮಾಡಿ," ಎಂದರು. "ಪಾಪ, ಏನೋ ಹೇಳ್ತಾ ಇದ್ರು."